ಸಂಪಾದಕರು ಸುಮ್ಮನಿದ್ದ ಮೂರು ವಾರ

ಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣ ನೋಡಿಕೊಂಡವರಿಗೆ ಗೊತ್ತು. ಎಷ್ಟೇ ಒಳ್ಳೆಯ ಪತ್ರ ಬಂದರೂ ಅದನ್ನು ನೂರು, ಹೆಚ್ಚೆಂದರೆ ನೂರೈವತ್ತು ಪದಕ್ಕೆ ಇಳಿಸಬೇಕು. ನಮ್ಮಲ್ಲಿ ಒಂದಿಬ್ಬರು ತರಬೇತಿಯ ದಿನಗಳಲ್ಲಿ ತಿಂಗಳುಗಟ್ಟಲೆ ಈ ಕತ್ತರಿ ಕೆಲಸವನ್ನೇ ಮಾಡಿದ್ದೇವೆ. ಹಾಗಾಗಿ ಒಂದು ರಾಷ್ಟ್ರಮಟ್ಟದ ಪತ್ರಿಕೆ ಓದುಗರೊಬ್ಬರ ಪತ್ರಕ್ಕೆ ಇಡೀ ಒಂದು ಪುಟ ಬಿಟ್ಟುಕೊಟ್ಟಿತ್ತು ಎಂದು ಓದಿದಾಗ, ಇದು ಬರೀ ಪತ್ರ ಆಗಿರಲಾರದು ಎಂಬ ಅನುಮಾನ ನಮಗೆ ಮೊದಲೇ ಬಂತು.

ಅದು 1988ರ ಮಾರ್ಚ್ 13, ಭಾನುವಾರ. ಪತ್ರಿಕೆಯ ಹೆಸರು ‘ಸೊವೆತ್ಸ್ಕಾಯಾ ರೊಸ್ಸಿಯಾ’. ಪತ್ರ ಬರೆದವರು ನೀನಾ ಆಂದ್ರೇಯೆವಾ, ಲೆನಿನ್‌ಗ್ರಾದಿನ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ನನ್ನ ತತ್ವಗಳನ್ನು ಬಿಟ್ಟುಕೊಡಲಾರೆ ಎಂಬ ಅರ್ಥದ ಶೀರ್ಷಿಕೆ. ಈಗಿನ ಹುಡುಗರ ತಲೆ ಕೆಡುತ್ತಿದೆ, ಸ್ಟಾಲಿನ್‌ನನ್ನು ಬೈಯುವುದೇ ಫ್ಯಾಷನ್ ಆಗಿದೆ, ದೇಶ ಕಟ್ಟಿದ ಕಾಲಕ್ಕೆ ಮಸಿ ಬಳಿಯುತ್ತಿದ್ದಾರೆ ಎಂಬುದು ಪತ್ರದ ಸಾರ. ನಡುನಡುವೆ ಯಹೂದಿಗಳ ಮೇಲಿನ ಕುಹಕವೂ ಇತ್ತು.

ಒಬ್ಬ ಮೇಡಂ ಬರೆದ ಪತ್ರ. ಆದರೆ ಅದು ಅಚ್ಚಾದ ಮೇಲೆ ಸೋವಿಯತ್ ಒಕ್ಕೂಟದ ಪತ್ರಿಕೆಗಳ ಸಂಪಾದಕರು ಸುಮಾರು ಮೂರು ವಾರ ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ಅಲ್ಲಿ ಗ್ಲಾಸ್ನೋಸ್ತ್, ಅಂದರೆ ಬಿಚ್ಚುಮಾತಿನ ನೀತಿ, ಜಾರಿಗೆ ಬಂದು ಎರಡು ವರ್ಷದ ಮೇಲಾಗಿತ್ತು. ಬಿಚ್ಚುಮಾತಿನ ಕಾಲದಲ್ಲಿ ಸಂಪಾದಕರ ನಾಲಿಗೆ ಯಾಕೆ ಕಟ್ಟಿಹೋಯಿತು? ಈ ಪ್ರಶ್ನೆ ಹಿಡಿದುಕೊಂಡೇ ನಾವು ಈ ಬರಹಕ್ಕೆ ಕೂತೆವು. ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಸೋವಿಯತ್ ದೇಶದ ನುಣುಪು ಹಾಳೆಯ ಪತ್ರಿಕೆಗಳು ನಮ್ಮ ಕಡೆಯ ಹಳ್ಳಿಗಳ ತನಕ ಬರುತ್ತಿದ್ದವು. ಓದಿದ್ದಕ್ಕಿಂತ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕಿದ್ದೇ ಹೆಚ್ಚು. ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಮಾಸ್ಕೋ ಮುದ್ರಣದ ಪುಸ್ತಕಗಳನ್ನು ಓದಿ ಬೆಳೆದವರೂ ನಮ್ಮ ಮನೆಗಳಲ್ಲಿದ್ದಾರೆ. ಆ ನುಣುಪು ಪುಟಗಳಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹೆಂಗಸರು, ಗೋಧಿಯ ರಾಶಿ, ಪದಕ ತೊಟ್ಟ ಗಣಿ ಕಾರ್ಮಿಕರು. ಅಲ್ಲಿ ಬೆಳೆ ಹೋಯಿತು, ವಿಮಾನ ಬಿತ್ತು, ಅಂಗಡಿಯಲ್ಲಿ ಸೋಪಿಲ್ಲ ಅನ್ನುವ ಸುದ್ದಿ ಬರುತ್ತಿರಲಿಲ್ಲ. ಹೊರದೇಶಕ್ಕೆ ಕಳಿಸುವ ಪತ್ರಿಕೆ, ಹಾಗೇ ಇರುತ್ತೆ ಅನ್ನಬಹುದು. ಆದರೆ ಅವರ ದೇಶದೊಳಗಿನ ಪತ್ರಿಕೆಗಳೂ ಹೆಚ್ಚುಕಡಿಮೆ ಹಾಗೇ ಇದ್ದವು. 1922ರಲ್ಲಿ ಹುಟ್ಟಿದ ಗ್ಲಾವ್ಲಿತ್ ಎಂಬ ಸೆನ್ಸಾರ್ ಇಲಾಖೆಯ ಮೊಹರು ಬೀಳದೆ ಏನೂ ಅಚ್ಚಾಗುತ್ತಿರಲಿಲ್ಲ. ಏನನ್ನು ಬರೆಯಬಾರದು ಎಂಬ ಪಟ್ಟಿ ಅವರ ಬಳಿ ಇರುತ್ತಿತ್ತು. ಅದು ಇರುವ ಸಂಗತಿಯನ್ನೂ ಬರೆಯುವಂತಿರಲಿಲ್ಲ.

ವಿಚಿತ್ರವೆಂದರೆ, ಹಳ್ಳಿ ವರದಿಗಾರರನ್ನು ಬೆಳೆಸಬೇಕೆಂದು ಆರಂಭದಲ್ಲಿ ಹೊರಟದ್ದೂ ಅದೇ ದೇಶ. 1920ರ ದಶಕದಲ್ಲಿ ಅಲ್ಲಿ ‘ಸೆಲ್ಕೋರ್’ ಎಂಬ ಬಳಗವಿತ್ತು. ಹಳ್ಳಿ ಬಾತ್ಮೀದಾರರು ಎನ್ನಿ. ರೈತರು, ಶಾಲೆ ಮೇಷ್ಟ್ರುಗಳು, ಸೈನ್ಯದಿಂದ ಊರಿಗೆ ಮರಳಿದವರು ತಮ್ಮೂರಿನ ಅಧಿಕಾರಿಗಳ ಲಂಚ, ಕುಡಿತ, ದರ್ಬಾರಿನ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದರು. 1924ರಲ್ಲಿ ಉಕ್ರೇನಿನ ದಿಮೋವ್ಕಾ ಎಂಬ ಹಳ್ಳಿಯಲ್ಲಿ ಗ್ರಿಗೋರಿ ಮಲಿನೋವ್ಸ್ಕಿ ಎಂಬ ಸೆಲ್ಕೋರನನ್ನು ಕೊಂದು ಹಾಕಿದರು. ದೇಶದ ತುಂಬ ಸುದ್ದಿಯಾದ ಪ್ರಕರಣ ಅದು. ನಮಗೆ ಈ ಹೆಸರು ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ. ಮುಂದಿನ ದಶಕದಲ್ಲಿ ಸ್ಟಾಲಿನ್ ಆಳ್ವಿಕೆ ಬಿಗಿಯಾದಂತೆ, ಊರಿನ ತಪ್ಪು ಬರೆಯುವ ಕೆಲಸ ನೆರೆಯವರ ಮೇಲೆ ಚಾಡಿ ಬರೆಯುವ ಕೆಲಸವಾಗಿ ಕೆಟ್ಟುಹೋಯಿತು.

ಇನ್ನು ಮಿಖಾಯಿಲ್ ಗೋರ್ಬಚೇವ್. ಅವರು ಹಳ್ಳಿಯವರೇ. ದಕ್ಷಿಣ ರಷ್ಯಾದ ಸ್ತಾವ್ರೊಪೋಲ್ ಸೀಮೆಯ ಪ್ರಿವೋಲ್ನೊಯೆ ಅವರ ಊರು. ಹುಟ್ಟಿದ್ದು 1931. ಮರುವರ್ಷವೇ ಶುರುವಾದ ಬರದಲ್ಲಿ ಊರಿನ ಬಹಳಷ್ಟು ಮನೆಗಳು ಖಾಲಿಯಾದವು. ಅಪ್ಪನ ಕಡೆಯ ಅಜ್ಜ, ಅಮ್ಮನ ಕಡೆಯ ಅಜ್ಜ ಇಬ್ಬರನ್ನೂ 1930ರ ದಶಕದಲ್ಲಿ ಪೊಲೀಸರು ಎಳೆದೊಯ್ದರು. ಅಮ್ಮನ ಕಡೆಯ ಅಜ್ಜ ಬಿಡುಗಡೆಯಾಗಿ ಬಂದಾಗ ತನಗಾದ ಚಿತ್ರಹಿಂಸೆಯನ್ನು ಒಂದು ಸಲ ಹೇಳಿದರಂತೆ, ಆಮೇಲೆ ಆ ಮಾತೆತ್ತಲಿಲ್ಲ ಎಂದು ಗೋರ್ಬಚೇವ್ ನೆನೆದಿದ್ದಾರೆ. ಅಪ್ಪನ ಜೊತೆ ಕಂಬೈನ್ ಯಂತ್ರ ಓಡಿಸಿ, ದಾಖಲೆ ಕೊಯ್ಲಿಗಾಗಿ ಹದಿಹರೆಯದಲ್ಲೇ ಸರ್ಕಾರದ ಪದಕ ಪಡೆದ ಹುಡುಗ ಮುಂದೆ ಮಾಸ್ಕೋದಲ್ಲಿ ಕಾನೂನು ಓದಿದ. 1978ರಲ್ಲಿ ಪಕ್ಷದ ಕೃಷಿ ಕಾರ್ಯದರ್ಶಿಯಾಗಿ ಮಾಸ್ಕೋಗೆ ಬಂದರು.

1983ರ ಮೇ ತಿಂಗಳಲ್ಲಿ ಅವರು ಕೆನಡಾದ ಬೇಸಾಯ ನೋಡಲು ಹೋಗಿದ್ದರು. ಅಲ್ಲಿನ ಸೋವಿಯತ್ ರಾಯಭಾರಿ ಅಲೆಕ್ಸಾಂದರ್ ಯಾಕವ್ಲೆವ್. ಅವರೂ ಹಳ್ಳಿಯಿಂದ ಬಂದವರು, ಯುದ್ಧದಲ್ಲಿ ಗಾಯಗೊಂಡವರು. ಮೇಲಿನವರಿಗೆ ಹಿಡಿಸದ ಒಂದು ಲೇಖನ ಬರೆದದ್ದಕ್ಕೆ ಹತ್ತು ವರ್ಷ ದೂರದ ದೇಶಕ್ಕೆ ಎತ್ತಂಗಡಿಯಾಗಿದ್ದರು. ಕೆನಡಾದ ಕೃಷಿ ಸಚಿವ ಯೂಜೀನ್ ವೀಲನ್ ಅವರ ಮನೆಗೆ ಊಟಕ್ಕೆ ಕರೆದಿದ್ದರು, ಆದರೆ ವೀಲನ್ ಬರುವುದು ತಡವಾಯಿತು. ಸುಮ್ಮನೆ ಕೂರುವ ಬದಲು ಇಬ್ಬರೂ ಹೊಲದ ಕಡೆ ನಡೆದರು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮುಂದೆ ಮಾಡಿದ್ದರಲ್ಲಿ ಬಹುಪಾಲು ಆ ಹೊಲದಲ್ಲೇ ಮಾತಾಗಿತ್ತು ಎಂದು ಯಾಕವ್ಲೆವ್ ಆಮೇಲೆ ಹೇಳುತ್ತಿದ್ದರು. ಹೊಲದ ಬದುವಿನ ಮೇಲೆ ಆಗುವ ಮಾತಿಗೆ ಕಚೇರಿಯ ಮಾತಿಗಿಂತ ತೂಕ ಹೆಚ್ಚು, ಇದು ನಮ್ಮ ಅನುಭವ ಕೂಡ.

1985ರ ಮಾರ್ಚ್ 11ರಂದು ಗೋರ್ಬಚೇವ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ಸ್ವಲ್ಪ ದಿನಕ್ಕೇ ಎರಡು ಪದ ಲೋಕಪ್ರಸಿದ್ಧವಾದವು. ಪೆರೆಸ್ತ್ರೋಯಿಕಾ ಎಂದರೆ ಮರುಕಟ್ಟುವಿಕೆ. ಗ್ಲಾಸ್ನೋಸ್ತ್ ಎಂಬುದರಲ್ಲಿ ‘ದನಿ’ ಎಂಬ ಅರ್ಥದ ಹಳೆಯ ಪದವಿದೆ. ಕನ್ನಡದಲ್ಲಿ ಮುಕ್ತತೆ, ಪಾರದರ್ಶಕತೆ ಅಂತೆಲ್ಲ ಬರೆಯುತ್ತಾರೆ. ನಮಗೆ ‘ಬಾಯಿಬಿಡುವುದು’ ಎಂಬುದೇ ಹತ್ತಿರ ಅನ್ನಿಸುತ್ತದೆ. ಈ ಪದ ಗೋರ್ಬಚೇವ್ ಹುಟ್ಟಿಸಿದ್ದಲ್ಲ. 1965ರ ಡಿಸೆಂಬರ್ 5ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಒಂದು ಪುಟ್ಟ ಗುಂಪು ಸೇರಿತ್ತು. ಸಿನ್ಯಾವ್ಸ್ಕಿ, ದಾನಿಯೆಲ್ ಎಂಬ ಇಬ್ಬರು ಬರಹಗಾರರ ವಿಚಾರಣೆಗೆ ಗ್ಲಾಸ್ನೋಸ್ತ್ ಬೇಕು, ಅದು ಬಹಿರಂಗವಾಗಿ ನಡೆಯಲಿ ಎಂದು ಬರೆದ ಹಾಳೆ ಹಿಡಿದಿದ್ದರು. ಕೆಲವೇ ನಿಮಿಷದಲ್ಲಿ ಅವರನ್ನು ಎಳೆದುಕೊಂಡು ಹೋದರು. ಕೆಳಗಿನವರು ಕೇಳಿದಾಗ ಅಪರಾಧವಾಗಿದ್ದ ಪದ ಇಪ್ಪತ್ತು ವರ್ಷದ ಮೇಲೆ ಮೇಲಿನವರ ನೀತಿಯಾಯಿತು. ಆದರೆ ಕೊಟ್ಟವರು ಯಾಕೆ ಕೊಟ್ಟರು? ಜಡ್ಡು ಹಿಡಿದ ನಡುಹಂತದ ಅಧಿಕಾರಿಗಳನ್ನು ಪತ್ರಿಕೆಗಳ ಕೈಯಲ್ಲಿ ಚುಚ್ಚಿಸಿ ಎಬ್ಬಿಸಬೇಕಿತ್ತು. ಅಂದರೆ ಪತ್ರಿಕೆ ಅವರಿಗೆ ಎತ್ತು ಓಡಿಸುವ ಬಾರುಕೋಲು. ಅದು ಯಾರ ಕಡೆ ತಿರುಗಬೇಕು ಎಂಬುದನ್ನು ಹಿಡಿದವರು ತೀರ್ಮಾನಿಸುತ್ತೇವೆ ಅಂದುಕೊಂಡಿದ್ದರು.

ಮೊದಲ ಪರೀಕ್ಷೆಯಲ್ಲೇ ಆ ನೀತಿ ಬಿದ್ದುಹೋಯಿತು. 1986ರ ಏಪ್ರಿಲ್ 26ರ ನಸುಕಿನ 1 ಗಂಟೆ 23 ನಿಮಿಷಕ್ಕೆ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ಘಟಕ ಸಿಡಿಯಿತು. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 50 ಸಾವಿರ ಜನರನ್ನು ಬಸ್ಸಿಗೆ ಹತ್ತಿಸಿದ್ದು ಮಾರನೇ ದಿನ ಮಧ್ಯಾಹ್ನ. ಸುದ್ದಿ? 28ರ ಬೆಳಿಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಕೆಲಸಗಾರರ ಬೂಟಿನಲ್ಲಿ ವಿಕಿರಣ ಕಂಡು ಆ ದೇಶ ಕೇಳತೊಡಗಿದ ಮೇಲೆ, ಅಂದು ರಾತ್ರಿಯ ‘ವ್ರೇಮ್ಯಾ’ ವಾರ್ತೆಯಲ್ಲಿ ಕೆಲವು ವಾಕ್ಯ. ಅಪಘಾತವಾಗಿದೆ, ಕ್ರಮ ಕೈಗೊಂಡಿದ್ದೇವೆ, ಸಮಿತಿ ರಚಿಸಿದ್ದೇವೆ. ಅಷ್ಟೇ. ಮೇ 1ರಂದು ಕೀವ್ ನಗರದಲ್ಲಿ ಮಕ್ಕಳು ಹೂ ಹಿಡಿದು ಕಾರ್ಮಿಕ ದಿನದ ಮೆರವಣಿಗೆ ಮಾಡಿದರು. ಗೋರ್ಬಚೇವ್ ಟಿ.ವಿ.ಯಲ್ಲಿ ಮಾತಾಡಿದ್ದು ಮೇ 14ಕ್ಕೆ, ಸ್ಫೋಟವಾಗಿ 18 ದಿನಕ್ಕೆ. ಆ ಭಾಷಣದಲ್ಲೂ ಪಶ್ಚಿಮದ ಪತ್ರಿಕೆಗಳ ಸುಳ್ಳಿನ ಬಗ್ಗೆ ಸಿಟ್ಟು ಸಾಕಷ್ಟಿತ್ತು.

ಚೆರ್ನೋಬಿಲ್ ಅಂದರೆ ಎಲ್ಲರೂ ಪ್ರಿಪ್ಯಾತ್‌ನ ಖಾಲಿ ಕಟ್ಟಡ ತೋರಿಸುತ್ತಾರೆ. ನಮಗೆ ಹೆಚ್ಚು ಕಾಡಿದ್ದು ಬೆಲಾರೂಸಿನ ಮೊಗಿಲ್ಯೋವ್ ಪ್ರಾಂತ್ಯದ ಹಳ್ಳಿಗಳು. ಸ್ಥಾವರದಿಂದ 200 ಕಿಲೋಮೀಟರ್ ಆಚೆ ಇರುವ ಕೆಲವು ಊರುಗಳ ಮೇಲೂ ವಿಕಿರಣದ ಮಳೆ ಸುರಿದಿತ್ತು. ಯಾವ ಊರಿನ ಮಣ್ಣಿನಲ್ಲಿ ಎಷ್ಟಿದೆ ಎಂಬ ನಕ್ಷೆ ಸಾರ್ವಜನಿಕವಾಗಿ ಅಚ್ಚಾಗಿದ್ದು 1989ರಲ್ಲಿ. ಅಲ್ಲಿಯ ತನಕ ಮೂರು ವರ್ಷ ಜನ ಅದೇ ಹುಲ್ಲು ಕೊಯ್ದರು, ಹಾಲು ಕರೆದರು, ಕಾಡಿಗೆ ಹೋಗಿ ಅಣಬೆ ತಂದು ತಿಂದರು. ಒಂದು ಸುದ್ದಿ ಮೂರು ವರ್ಷ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಹಾಲಿನ ಕ್ಯಾನಿನಲ್ಲಿದೆ.

ಚೆರ್ನೋಬಿಲ್‌ನ ಅವಮಾನವೇ ಮೇಲಿನವರನ್ನು ಗ್ಲಾಸ್ನೋಸ್ತ್ ಕಡೆ ಇನ್ನಷ್ಟು ತಳ್ಳಿತು. 1986ರಲ್ಲಿ ಯಾಕವ್ಲೆವ್ ಆಯ್ದ ಹೊಸ ಸಂಪಾದಕರು ಬಂದರು. ‘ಅಗನ್ಯೋಕ್’ ವಾರಪತ್ರಿಕೆಗೆ ಉಕ್ರೇನಿನ ಕವಿ ವಿತಾಲಿ ಕೊರೋತಿಚ್, ‘ಮಾಸ್ಕೋ ನ್ಯೂಸ್’ಗೆ ಯೆಗೋರ್ ಯಾಕವ್ಲೆವ್ (ಹೆಸರು ಒಂದೇ, ಸಂಬಂಧಿಯಲ್ಲ). ಅದೇ ಡಿಸೆಂಬರ್‌ನಲ್ಲಿ ಗೋರ್ಕಿ ನಗರದಲ್ಲಿ ಆರು ವರ್ಷದಿಂದ ಗಡಿಪಾರಾಗಿದ್ದ ಭೌತವಿಜ್ಞಾನಿ ಆಂದ್ರೇಯ್ ಸಖಾರೊವ್ ಅವರ ಮನೆಗೆ ಯಾರೋ ಬಂದು, ಕೇಳದೆಯೇ, ಟೆಲಿಫೋನ್ ಹಾಕಿ ಹೋದರು. ಮಾರನೇ ದಿನ ಅದು ರಿಂಗಾಯಿತು. ಆ ಕಡೆಯಿಂದ ಗೋರ್ಬಚೇವ್, ಮಾಸ್ಕೋಗೆ ವಾಪಸ್ ಬನ್ನಿ ಎಂದರು. ಸಖಾರೊವ್ ವಂದನೆ ಹೇಳಿ, ಸೆರೆಯಲ್ಲಿರುವ ಉಳಿದವರನ್ನೂ ಬಿಡಿ ಎಂದು ಅಲ್ಲೇ ಕೇಳಿದರು. ಅವರ ಗೆಳೆಯ ಅನಾತೋಲಿ ಮಾರ್ಚೆಂಕೊ ಜೈಲಿನಲ್ಲಿ ಸತ್ತು ಆಗಿನ್ನೂ ಎಂಟು ದಿನವಾಗಿತ್ತು.

1987ರಲ್ಲಿ ಬಿ.ಬಿ.ಸಿ.ಯ ರಷ್ಯನ್ ಪ್ರಸಾರಕ್ಕೆ ಗೊರಗೊರ ಸದ್ದು ಹಾಕಿ ಕೆಡಿಸುವುದು ನಿಂತಿತು. ಪೆಟ್ಟಿಗೆಯಲ್ಲಿ ಕೂತಿದ್ದ ಸಿನಿಮಾ, ಕಾದಂಬರಿಗಳು ಹೊರಬಂದವು. ಪಾಸ್ತರ್ನಾಕ್ ಅವರ ‘ಡಾಕ್ಟರ್ ಝಿವಾಗೊ’ ಸ್ವಂತ ದೇಶದಲ್ಲಿ ಅಚ್ಚಾಗಲು 1988ರ ತನಕ ಕಾಯಬೇಕಾಯಿತು. ಆ ವರ್ಷ ಶಾಲೆಗಳ ಇತಿಹಾಸದ ಅಂತಿಮ ಪರೀಕ್ಷೆಯನ್ನೇ ಕೈಬಿಟ್ಟರು. ಪಠ್ಯದಲ್ಲಿದ್ದದ್ದು ಸುಳ್ಳು ಎಂದು ಪತ್ರಿಕೆಗಳೇ ಬರೆಯುತ್ತಿರುವಾಗ ಮಕ್ಕಳಿಗೆ ಯಾವ ಉತ್ತರಕ್ಕೆ ಅಂಕ ಕೊಡುವುದು? ಇದನ್ನು ಓದಿ ನಮ್ಮಲ್ಲಿ ಒಬ್ಬ, ಪರೀಕ್ಷೆ ರದ್ದಾಗಲು ಇಷ್ಟು ಒಳ್ಳೆಯ ಕಾರಣ ಇನ್ನೆಲ್ಲೂ ಸಿಗಲ್ಲ ಎಂದ.

ಪತ್ರಿಕೆಗಳ ಪ್ರಸಾರ ಏರಿದ ಬಗೆ ನಂಬಲು ಕಷ್ಟ. ‘ಅಗನ್ಯೋಕ್’ ಕೆಲವೇ ವರ್ಷದಲ್ಲಿ ಮೂರು ಪಟ್ಟಾಯಿತು. ಪುಷ್ಕಿನ್ ಚೌಕದಲ್ಲಿ ‘ಮಾಸ್ಕೋ ನ್ಯೂಸ್’ ಕಚೇರಿಯ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದ ಪತ್ರಿಕೆ ಓದಲು ಜನ ಮುಗಿಬೀಳುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಗ್ಲಾಸ್ನೋಸ್ತ್ ಕೇಳಿದವರನ್ನು ಎಳೆದೊಯ್ದದ್ದು ಅದೇ ಚೌಕದಿಂದ. 1988ರಲ್ಲಿ ಕಾಗದದ ಕೊರತೆ ಎಂದು ಚಂದಾ ಸಂಖ್ಯೆಗೆ ಮಿತಿ ಹಾಕಿದರು. ಜನ ಎಷ್ಟು ರೇಗಿದರೆಂದರೆ ಸರ್ಕಾರ ಮಿತಿಯನ್ನು ಹಿಂತೆಗೆದುಕೊಂಡಿತು. ‘ಅಗನ್ಯೋಕ್’ಗೆ ಮೂಟೆಗಟ್ಟಲೆ ಪತ್ರಗಳು ಬರುತ್ತಿದ್ದವು. ಕೊರೋತಿಚ್ ಮಾಡಿದ ಒಳ್ಳೆಯ ಕೆಲಸ ಅಂದರೆ ಅವುಗಳಿಗೆ ಪುಟಗಳನ್ನೇ ಮೀಸಲಿಟ್ಟದ್ದು. ಆಸ್ಪತ್ರೆಯ ಕೊಳಕು, ಅಫ್ಘಾನಿಸ್ತಾನದಿಂದ ಪೆಟ್ಟಿಗೆಯಲ್ಲಿ ಬಂದ ಮಗ, ಸ್ಟಾಲಿನ್ ಕಾಲದಲ್ಲಿ ಕಾಣೆಯಾದ ಅಪ್ಪ. ತನಿಖಾ ವರದಿಗಳಿಗಿಂತ ಆ ಪತ್ರಗಳೇ ಗ್ಲಾಸ್ನೋಸ್ತ್‌ನ ನಿಜವಾದ ದನಿ ಎಂಬುದು ನಮ್ಮ ತೀರ್ಮಾನ. ಮಲಿನೋವ್ಸ್ಕಿಯಂಥವರು ಅರವತ್ತು ವರ್ಷದ ಮೇಲೆ ಮತ್ತೆ ಬರೆಯತೊಡಗಿದ್ದರು.

ಇಂಥ ಹೊತ್ತಿನಲ್ಲಿ ಬಂದದ್ದು ಆಂದ್ರೇಯೆವಾ ಅವರ ಪತ್ರ. ಈಗ ಆ ಮೂರು ವಾರಕ್ಕೆ ಬರೋಣ.

ಪತ್ರ ಅಚ್ಚಾದ ಹೊತ್ತಿಗೆ ಗೋರ್ಬಚೇವ್ ಯುಗೊಸ್ಲಾವಿಯಾಕ್ಕೆ, ಅಲೆಕ್ಸಾಂದರ್ ಯಾಕವ್ಲೆವ್ ಮಂಗೋಲಿಯಾಕ್ಕೆ ಹೊರಟಿದ್ದರು. ಮಾಸ್ಕೋದಲ್ಲಿ ಉಳಿದವರು ಪಕ್ಷದ ಎರಡನೇ ಸ್ಥಾನದ ನಾಯಕ ಯೆಗೋರ್ ಲಿಗಚೇವ್. ಅವರಿಗೆ ಸುಧಾರಣೆಯ ಈ ಓಟ ಇಷ್ಟವಿರಲಿಲ್ಲ. ಸೋಮವಾರ ಸಂಪಾದಕರ ಸಭೆ ಕರೆದು, ಬಹಳ ಒಳ್ಳೆಯ ಲೇಖನ ಎಂದು ಆ ಪತ್ರವನ್ನು ಹೊಗಳಿದರು. ಹೊಗಳಿಕೆಗೆ ಅಲ್ಲಿ ಆದೇಶದ ಬೆಲೆ. ಊರೂರಿನ ಪತ್ರಿಕೆಗಳು ಪತ್ರವನ್ನು ಮರುಮುದ್ರಿಸಿದವು. ಪೂರ್ವ ಜರ್ಮನಿಯ ಆಡಳಿತ ಪಕ್ಷದ ಪತ್ರಿಕೆಯೂ ಹಾಕಿತು. (ಅದೇ ಪೂರ್ವ ಜರ್ಮನಿ ಆ ವರ್ಷದ ಕೊನೆಗೆ ‘ಸ್ಪುತ್ನಿಕ್’ ಎಂಬ ಸೋವಿಯತ್ ಡೈಜೆಸ್ಟನ್ನೇ ನಿಷೇಧಿಸಿತು. ಗುರುವಿನ ಪುಸ್ತಕವನ್ನು ಶಿಷ್ಯ ಸುಟ್ಟ ಹಾಗೆ!)

ಈ ಕಡೆ ಸುಧಾರಣೆಯ ಪರವಾಗಿ ಎರಡು ವರ್ಷ ಅಬ್ಬರಿಸಿದ್ದ ಪತ್ರಿಕೆಗಳು ಏನು ಮಾಡಿದವು? ಬಹುಪಾಲು ಕಾದವು. ಗೋರ್ಬಚೇವ್ ಕುರ್ಚಿ ಅಲ್ಲಾಡುತ್ತಿದೆಯೇ, ಗಾಳಿ ತಿರುಗಿತೇ ಎಂದು ನೋಡುತ್ತ ಕೂತರು. ಬರೆದಿಟ್ಟ ಉತ್ತರಗಳು ಮೇಜಿನ ಖಾನೆಯಲ್ಲೇ ಉಳಿದವು. ಮಾರ್ಚ್ ಕೊನೆಯ ವಾರ ಪಾಲಿಟ್‌ಬ್ಯೂರೋ ಎರಡು ದಿನ ಆ ಪತ್ರದ ಮೇಲೆ ಜಗಳವಾಡಿತು. ಏಪ್ರಿಲ್ 5ರಂದು ಪಕ್ಷದ ಮುಖವಾಣಿ ‘ಪ್ರಾವ್ದಾ’ದಲ್ಲಿ ಹೆಸರಿಲ್ಲದ ಉದ್ದನೆಯ ಉತ್ತರ ಬಂತು. ಬರೆಸಿದವರು ಅಲೆಕ್ಸಾಂದರ್ ಯಾಕವ್ಲೆವ್. ಆ ಪತ್ರ ಪೆರೆಸ್ತ್ರೋಯಿಕಾ ವಿರೋಧಿಗಳ ಪ್ರಣಾಳಿಕೆ ಎಂದು ಅದು ಹೇಳಿತು. ಅಲ್ಲಿಗೆ ಎಲ್ಲರ ನಾಲಿಗೆಯೂ ಸಡಿಲವಾಯಿತು. ಮರುದಿನದಿಂದ ಆಂದ್ರೇಯೆವಾ ಅವರನ್ನು ಬೈಯುವುದೇ ಕೆಲಸ. ಪತ್ರ ಹಾಕಿದ್ದ ಪತ್ರಿಕೆಯೇ ‘ಪ್ರಾವ್ದಾ’ದ ಲೇಖನವನ್ನು ತನ್ನ ಪುಟದಲ್ಲಿ ಹಾಕಿಕೊಳ್ಳಬೇಕಾಯಿತು.

ಈ ಸಂಪಾದಕರನ್ನು ಹೇಡಿಗಳು ಎನ್ನಲು ನಮಗೆ ಬಾಯಿ ಬರುವುದಿಲ್ಲ. ತಾಲೂಕು ಮಟ್ಟದಲ್ಲಿ ಬಿಡಿ ಸುದ್ದಿಗಾರರಾಗಿ ದುಡಿದ ನಮ್ಮಲ್ಲಿ ಬಹುತೇಕರಿಗೆ ಒಂದು ಫೋನ್ ಕರೆಯ ನೆನಪಿದೆ. ಕೆರೆ ಹೂಳೆತ್ತುವ ಕಾಮಗಾರಿಯ ಬಿಲ್ಲಿನ ಬಗ್ಗೆ ಒಬ್ಬಳು ದಾಖಲೆ ಸಮೇತ ವರದಿ ಕಳಿಸಿದ್ದಳು. ಡೆಸ್ಕಿನವರು ಚೆನ್ನಾಗಿದೆ ಅಂದರು, ನಾಳೆ ನೋಡೋಣ ಅಂದರು. ಆ ನಾಳೆ ಬರಲಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ, ಅದೇ ಅದರ ವೈಖರಿ. ಅವಳನ್ನು ಹೆದರಿಸಿದವರೂ ಇಲ್ಲ. ಮೇಲಿನವರ ಮನಸ್ಸು ಏನೆಂದು ಗೊತ್ತಾಗುವ ತನಕ ಎಲ್ಲರೂ ಕಾದರು ಅಷ್ಟೇ. ಆ ಮಾರ್ಚ್ ತಿಂಗಳಲ್ಲಿ ಮಾಸ್ಕೋದ ಸಂಪಾದಕರು ಕಂಡುಕೊಂಡದ್ದೂ ಇದನ್ನೇ. ಅವರ ಕೈಲಿದ್ದದ್ದು ಒಪ್ಪಿಗೆ. ಕೊಟ್ಟವರು ಊರಲ್ಲಿಲ್ಲದಾಗ ಅದು ಚಲಾವಣೆಯಲ್ಲಿ ಇರುವುದಿಲ್ಲ.

ಆ ಸ್ಥಿತಿ ಬದಲಾಗಲು ಎರಡು ವರ್ಷ ಹಿಡಿಯಿತು. ನಡುವೆ ಒಂದು ಚುನಾವಣೆ ಆಯಿತು. 1989ರ ಮಾರ್ಚ್ 26ರಂದು ಜನಪ್ರತಿನಿಧಿಗಳ ಕಾಂಗ್ರೆಸ್ಸಿಗೆ ಮತದಾನ. 2,250 ಸ್ಥಾನಗಳಲ್ಲಿ 750 ಪಕ್ಷಕ್ಕೂ ಅದರ ಜೊತೆಗಿನ ಸಂಘಸಂಸ್ಥೆಗಳಿಗೂ ಮೀಸಲು. ಆದರೂ ಎಷ್ಟೋ ಕಡೆ ಪಕ್ಷದ ದೊಡ್ಡ ತಲೆಗಳು ಉರುಳಿದವು. ಮೇ 25ರಿಂದ ಜೂನ್ 9ರ ತನಕ ಕಲಾಪ ನೇರ ಪ್ರಸಾರ. ಜನ ಕೆಲಸ ಬಿಟ್ಟು ಟಿ.ವಿ. ಮುಂದೆ ಕೂತರು, ಬೀದಿಯಲ್ಲಿ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ನಡೆದರು. ನಮ್ಮ ಕಡೆ ರಾಮಾಯಣ ಧಾರಾವಾಹಿಗೆ ಬೀದಿ ಖಾಲಿಯಾದ ಕಾಲವೂ ಸರಿಸುಮಾರು ಅದೇ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಭಾರ ಎತ್ತುವ ಪಟು ಯೂರಿ ವ್ಲಾಸೊವ್ ವೇದಿಕೆಗೆ ಬಂದು ಕೆ.ಜಿ.ಬಿ.ಯನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡರು. ಗುಪ್ತ ಪೊಲೀಸರ ಬಗ್ಗೆ ಅಡುಗೆಮನೆಯಲ್ಲೂ ಪಿಸುಗುಟ್ಟುತ್ತಿದ್ದ ಜನ ಅದನ್ನು ಟಿ.ವಿ.ಯಲ್ಲಿ ಕೇಳಿದರು. ಕೊನೆಯ ದಿನ ಸಖಾರೊವ್ ಮಾತು ನಿಲ್ಲಿಸದಿದ್ದಾಗ ಅವರ ಮೈಕ್ ಆಫ್ ಮಾಡಲಾಯಿತು. ಅದನ್ನೂ ದೇಶ ನೋಡಿತು. ಮುಚ್ಚುವುದನ್ನೂ ತೆರೆದೇ ಮುಚ್ಚಬೇಕಾದ ಕಾಲ ಅದು.

ಅಷ್ಟರಲ್ಲಿ ಅಂಗಡಿಗಳು ಖಾಲಿಯಾಗುತ್ತಿದ್ದವು. ಪೆರೆಸ್ತ್ರೋಯಿಕಾ ಹಳೆಯ ಯೋಜನಾ ವ್ಯವಸ್ಥೆಯನ್ನು ಸಡಿಲ ಮಾಡಿತು, ಅದರ ಜಾಗದಲ್ಲಿ ಮಾರುಕಟ್ಟೆಯನ್ನು ನಿಲ್ಲಿಸಲಿಲ್ಲ. ಜುಲೈನಲ್ಲಿ ಸೈಬೀರಿಯಾದ ಮೆಝ್ದುರೆಚೆನ್ಸ್ಕ್ ಊರಿನ ಕಲ್ಲಿದ್ದಲ ಗಣಿಯಲ್ಲಿ ಶುರುವಾದ ಮುಷ್ಕರ ಬೇರೆ ಬೇರೆ ಗಣಿ ಸೀಮೆಗಳಿಗೂ ಹರಡಿ ಲಕ್ಷಾಂತರ ಕಾರ್ಮಿಕರು ಕೆಲಸ ಬಿಟ್ಟರು. ಅವರ ಬೇಡಿಕೆಗಳಲ್ಲಿ ಒಂದು, ಮೈ ತೊಳೆಯಲು ಸೋಪು. ಗ್ಲಾಸ್ನೋಸ್ತ್ ಜನರಿಗೆ ಬೇಡಿಕೆ ಇಡುವ ಬಾಯಿ ಕೊಟ್ಟಿತು, ಸೋಪು ಕೊಡುವುದು ಪತ್ರಿಕೆಯ ಕೈಲಿರಲಿಲ್ಲ. ಸುಧಾರಣೆಯ ಬಗ್ಗೆ ಬರೆಯುವವರು ಈ ಎರಡನ್ನೂ ಒಂದೇ ಎಂಬಂತೆ ಬರೆಯುವುದು ನಮಗೆ ಸರಿ ಕಾಣುವುದಿಲ್ಲ.

ಗೋರ್ಬಚೇವ್ ಅವರ ತಾಳ್ಮೆಯೂ ತೀರುತ್ತಿತ್ತು. ‘ಅರ್ಗುಮೆಂತಿ ಇ ಫಾಕ್ತಿ’ ಎಂಬ ವಾರಪತ್ರಿಕೆ 1989ರ ಅಕ್ಟೋಬರ್‌ನಲ್ಲಿ, ಓದುಗರ ಪತ್ರಗಳನ್ನು ಎಣಿಸಿ ಯಾವ ಜನಪ್ರತಿನಿಧಿ ಹೆಚ್ಚು ಜನಪ್ರಿಯ ಎಂಬ ಪಟ್ಟಿ ಹಾಕಿತು. ಸಖಾರೊವ್ ತುದಿಯಲ್ಲಿದ್ದರು. ಗ್ಲಾಸ್ನೋಸ್ತ್ ಕೊಟ್ಟ ಗೋರ್ಬಚೇವ್ ಸಿಡಿಮಿಡಿಗೊಂಡು, ಸಂಪಾದಕ ವ್ಲಾದಿಸ್ಲಾವ್ ಸ್ತಾರ್ಕೊವ್ ರಾಜೀನಾಮೆ ಕೊಡಲಿ ಎಂದರು. ಸ್ತಾರ್ಕೊವ್ ಕೊಡಲಿಲ್ಲ. ಸಿಬ್ಬಂದಿ ಅವರ ಹಿಂದೆ ನಿಂತರು. ಏನೂ ಆಗಲಿಲ್ಲ! ಮರುವರ್ಷ ಅದರ ಪ್ರಸಾರ 3.3 ಕೋಟಿ ದಾಟಿ ಗಿನ್ನೆಸ್ ದಾಖಲೆ ಸೇರಿತು. 1988ರ ಮಾರ್ಚ್‌ಗೂ 1989ರ ಅಕ್ಟೋಬರ್‌ಗೂ ಇರುವ ಅಂತರ ಇಷ್ಟು: ಅಂದು ಸಂಪಾದಕರು ಒಂದು ಹೊಗಳಿಕೆಗೆ ಹೆದರಿ ಸುಮ್ಮನಾದರು, ಈಗ ಒಬ್ಬ ಸಂಪಾದಕ ದೇಶದ ಮುಖ್ಯಸ್ಥನ ಮಾತಿಗೂ ಕುರ್ಚಿ ಬಿಡಲಿಲ್ಲ.

1990ರ ಜೂನ್ 12ರಂದು ಪತ್ರಿಕಾ ಕಾನೂನು ಅಂಗೀಕಾರವಾಯಿತು, ಆಗಸ್ಟ್ 1ರಿಂದ ಜಾರಿ. ಕರಡು ಬರೆದವರು ಬತೂರಿನ್, ಫೆದೋತೊವ್, ಎಂತಿನ್ ಎಂಬ ಮೂವರು ಕಾನೂನು ಪಂಡಿತರು. ಸೆನ್ಸಾರ್ ಇರಕೂಡದು ಎಂದು ಮೊದಲ ಕಲಮಿನಲ್ಲೇ ಬರೆದಿತ್ತು. 18 ತುಂಬಿದ ಯಾರೇ ಆದರೂ ಪತ್ರಿಕೆ ಹುಟ್ಟುಹಾಕಬಹುದಿತ್ತು. ಆ ಡಿಸೆಂಬರ್‌ನಲ್ಲಿ ‘ನೆಝವಿಸಿಮಾಯಾ ಗಝೆತಾ’, ಅಂದರೆ ‘ಸ್ವತಂತ್ರ ಪತ್ರಿಕೆ’, ಮೊದಲ ಸಂಚಿಕೆ ತಂದಿತು.

ಮರುತಿಂಗಳೇ, 1991ರ ಜನವರಿ 13ರಂದು, ಸ್ವಾತಂತ್ರ್ಯ ಘೋಷಿಸಿದ್ದ ಲಿಥುವೇನಿಯಾದ ವಿಲ್ನಿಯಸ್ ನಗರದಲ್ಲಿ ಟಿ.ವಿ. ಗೋಪುರ ಹಿಡಿಯಲು ಟ್ಯಾಂಕ್ ನುಗ್ಗಿದವು. 14 ಜನ ಸತ್ತರು. ಮಾಸ್ಕೋ ಟಿ.ವಿ.ಯ ವಾರ್ತಾವಾಚಕಿ ತತ್ಯಾನಾ ಮಿತ್ಕೋವಾ ಸರ್ಕಾರ ಕೊಟ್ಟ ಹೇಳಿಕೆಯನ್ನು ಓದಲಾರೆ ಎಂದರು. ಪತ್ರಿಕೆಗಳು ಗೋರ್ಬಚೇವ್ ಅವರನ್ನೇ ಹೊಣೆ ಮಾಡಿದವು. ಮೂರು ದಿನದ ಮೇಲೆ ಅವರು ಸಂಸತ್ತಿನಲ್ಲಿ ಎದ್ದು, ಪತ್ರಿಕಾ ಕಾನೂನನ್ನು ಸ್ವಲ್ಪ ಕಾಲ ಅಮಾನತಿನಲ್ಲಿ ಇಡೋಣ ಎಂದರು. ವಿರೋಧ ಬಂತು, ಹಿಂದೆ ಸರಿದರು. ಗೋರ್ಬಚೇವ್ ಅವರನ್ನು ಪೂರ್ತಿ ದೇವರೂ ಮಾಡದೆ ಪೂರ್ತಿ ವಂಚಕನೂ ಮಾಡದೆ ಅಳೆಯಲು ಈ ಒಂದು ಘಟನೆ ಸಾಕು. ಕಸಿದುಕೊಳ್ಳಬೇಕು ಅನ್ನಿಸಿತು, ಕೇಳಿದರು, ಇಲ್ಲ ಅಂದಾಗ ಬಿಟ್ಟರು. ಅವರ ಹಿಂದಿನವರು ಯಾರೂ ಕೇಳುತ್ತಿರಲಿಲ್ಲ.

ಆಗಸ್ಟ್ 19ರ ಬೆಳಿಗ್ಗೆ ಟಿ.ವಿ.ಯಲ್ಲಿ ‘ಸ್ವಾನ್ ಲೇಕ್’ ನೃತ್ಯ. ಗೋರ್ಬಚೇವ್ ಕ್ರೈಮಿಯಾದ ವಿಶ್ರಾಂತಿ ಮನೆಯಲ್ಲಿ ಬಂಧಿ. ಅಧಿಕಾರ ಕಿತ್ತುಕೊಂಡ ಎಂಟು ಜನರ ಸಮಿತಿ ಒಂಬತ್ತು ಪತ್ರಿಕೆ ಬಿಟ್ಟು ಮಾಸ್ಕೋದ ಉಳಿದ ರಾಜಕೀಯ ಪತ್ರಿಕೆಗಳನ್ನೆಲ್ಲ ನಿಲ್ಲಿಸಿತು. ಆ ಒಂಬತ್ತರಲ್ಲಿ ‘ಸೊವೆತ್ಸ್ಕಾಯಾ ರೊಸ್ಸಿಯಾ’ ಇತ್ತು. ರೈತರಿಗೆಂದೇ ಇದ್ದ ‘ಸೆಲ್ಸ್ಕಾಯಾ ಝೀಝ್ನ್’ ಕೂಡ ಇತ್ತು, ಹಳ್ಳಿಯ ಪತ್ರಿಕೆಯಿಂದ ಅಪಾಯವಿಲ್ಲ ಅಂದುಕೊಂಡಿರಬೇಕು. ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ‘ನೆಝವಿಸಿಮಾಯಾ ಗಝೆತಾ’ದ 24 ವರ್ಷದ ವರದಿಗಾರ್ತಿ ತತ್ಯಾನಾ ಮಲ್ಕಿನಾ ಎದ್ದು ನಿಂತು, ನೀವು ನಿನ್ನೆ ರಾತ್ರಿ ಮಾಡಿದ್ದು ಕ್ಷಿಪ್ರಕ್ರಾಂತಿ ಅನ್ನುವುದು ನಿಮಗೆ ಅರ್ಥವಾಗಿದೆಯೇ ಎಂದು ಕೇಳಿದರು. ಸಮಿತಿಯ ಮುಖ್ಯಸ್ಥ ಗೆನ್ನಾದಿ ಯನಾಯೆವ್ ಅವರ ಕೈ ನಡುಗುತ್ತಿತ್ತು. ಅದನ್ನು ಕ್ಯಾಮೆರಾ ತೋರಿಸಿತು. ಈ ಸಲ ಯಾರೂ ಮೂರು ವಾರ ಕಾಯಲಿಲ್ಲ. ನಿಷೇಧವಾದ ಹನ್ನೊಂದು ಪತ್ರಿಕೆಗಳು ಯೆಗೋರ್ ಯಾಕವ್ಲೆವ್ ಮುಂದಾಳತ್ವದಲ್ಲಿ ಸೇರಿ ‘ಒಬ್ಶ್ಚಾಯಾ ಗಝೆತಾ’, ಅಂದರೆ ‘ಎಲ್ಲರ ಪತ್ರಿಕೆ’ ಎಂಬ ಒಂದೇ ಹಾಳೆ ತಂದವು. ಜನ ಮೆಟ್ರೋ ನಿಲ್ದಾಣಗಳ ಗೋಡೆಗೆ ಸುದ್ದಿಯ ಹಾಳೆಗಳನ್ನು ಅಂಟಿಸಿದರು.

ಅನುಮತಿ ಇದ್ದ ‘ಇಝ್ವೆಸ್ತಿಯಾ’ದಲ್ಲಿ ನಡೆದದ್ದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಸಮಿತಿಯ ಆದೇಶಗಳನ್ನು ಅಚ್ಚು ಹಾಕಿ ಎಂದು ಸಂಪಾದಕರ ಕಡೆಯಿಂದ ಅಪ್ಪಣೆ. ಕ್ಷಿಪ್ರಕ್ರಾಂತಿಯನ್ನು ವಿರೋಧಿಸಿ ರಷ್ಯಾ ಗಣರಾಜ್ಯದ ಅಧ್ಯಕ್ಷ ಬೋರಿಸ್ ಯೆಲ್ತ್ಸಿನ್ ಹೊರಡಿಸಿದ್ದ ಕರೆಯೂ ಮುದ್ರಣಾಲಯಕ್ಕೆ ಬಂದಿತ್ತು. ಅದನ್ನು ಹಾಕದೆ ಪತ್ರಿಕೆ ಅಚ್ಚಾಗುವುದಿಲ್ಲ ಎಂದರು ಮೊಳೆ ಜೋಡಿಸುವವರು, ಯಂತ್ರ ನಡೆಸುವವರು. ಗಂಟೆಗಟ್ಟಲೆ ಜಗಳ. ಪತ್ರಿಕೆ ತಡವಾಗಿ ಹೊರಬಂತು, ಸಮಿತಿಯ ಆದೇಶಗಳ ಜೊತೆಗೇ, ಒಳಪುಟದಲ್ಲಿ ಯೆಲ್ತ್ಸಿನ್ ಅವರ ಕರೆ.

ಮೂರು ದಿನಕ್ಕೆ ಕ್ಷಿಪ್ರಕ್ರಾಂತಿ ಕುಸಿಯಿತು. ಗೆದ್ದ ಯೆಲ್ತ್ಸಿನ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ‘ಪ್ರಾವ್ದಾ’, ‘ಸೊವೆತ್ಸ್ಕಾಯಾ ರೊಸ್ಸಿಯಾ’ ಮುಂತಾದ ಪಕ್ಷದ ಪತ್ರಿಕೆಗಳನ್ನು ನಿಲ್ಲಿಸಿದ್ದು. ಕೆಲವೇ ವಾರದಲ್ಲಿ ಅವು ಮತ್ತೆ ಬಂದವು. ಡಿಸೆಂಬರ್ 25ರಂದು ಗೋರ್ಬಚೇವ್ ರಾಜೀನಾಮೆ ಕೊಟ್ಟರು. ಎರಡು ದಿನದ ಮೇಲೆ ರಷ್ಯಾದ ಹೊಸ ಮಾಧ್ಯಮ ಕಾನೂನಿಗೆ ಸಹಿ ಬಿತ್ತು. ಕರಡು ಅದೇ ಮೂವರದು, ಸೆನ್ಸಾರ್ ನಿಷೇಧ ಅದರಲ್ಲೂ ಇತ್ತು. 1992ರ ಜನವರಿ 2ರಿಂದ ಸರ್ಕಾರ ಬೆಲೆ ನಿಯಂತ್ರಣ ಬಿಟ್ಟಿತು. ಕಾಗದ, ಮುದ್ರಣ, ಅಂಚೆ ವೆಚ್ಚ ಹತ್ತಾರು ಪಟ್ಟು ಏರಿತು. ಕೋಟಿಗಳಲ್ಲಿದ್ದ ಪ್ರಸಾರ ಲಕ್ಷಗಳಿಗೆ ಇಳಿಯಿತು, ಪತ್ರಿಕೆಗಳು ಸಹಾಯಧನ ಕೇಳಿಕೊಂಡು ಮತ್ತೆ ಸರ್ಕಾರದ ಬಾಗಿಲಿಗೇ ಹೋದವು. ಪುಷ್ಕಿನ್ ಚೌಕದ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದವರು ಆ ಚಳಿಗಾಲದಲ್ಲಿ ಮನೆಯ ಸಾಮಾನು ತಂದು ರಸ್ತೆ ಬದಿಯಲ್ಲಿ ಮಾರಲು ನಿಂತರು.